ತನ್ನದಲ್ಲದ ಕೆಲಸ ಮಾಡಿದ ಚಿಪ್

1980ರ ದಶಕದ ಆರಂಭದಲ್ಲಿ ಯುಗೊಸ್ಲಾವಿಯದವರಿಗೆ ಹೊರದೇಶದ ಕಂಪ್ಯೂಟರ್ ಎಟುಕುತ್ತಿರಲಿಲ್ಲ. 50 ಜರ್ಮನ್ ಮಾರ್ಕಿಗಿಂತ ದುಬಾರಿಯಾದ ಸಾಮಾನು ತರಲು ಕಾನೂನು ಅಡ್ಡಬರುತ್ತಿತ್ತು. ಬಿಡಿ ಚಿಪ್‌ಗಳ ಬೆಲೆ ಮಾತ್ರ ಆ ಮಿತಿಯೊಳಗಿತ್ತು. ವೋಯಾ ಆಂಟೋನಿಚ್ 1983ರಲ್ಲಿ ರೂಪಿಸಿದ ‘ಗಲಾಕ್ಸಿಯಾ’ ಈ ಸಂದಿಯಲ್ಲಿ ಹುಟ್ಟಿದ ಯಂತ್ರ. ಕೊರತೆಯೇ ಇಂಥ ಜಾಣ್ಮೆ ಕಲಿಸಿತು ಎನ್ನುವುದು ರೂಢಿಯ ಮಾತು. ನನಗದು ಅರ್ಧ ಸತ್ಯವೆನಿಸುತ್ತದೆ. ಕೊರತೆ ಇಡೀ ದೇಶಕ್ಕಿತ್ತು. ಗಲಾಕ್ಸಿಯಾ ಸಾವಿರಾರು ಮನೆಗಳ ಕಂಪ್ಯೂಟರ್ ಆದದ್ದು, ಬೇರೆಯವರೂ ನೋಡಿಕೊಂಡು ಕಟ್ಟಬಹುದಾದ ನಕ್ಷೆ ಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾದ ಮೇಲೆ.

ಆ ನಕ್ಷೆಯ ಸೊಗಸಿರುವುದು ಪರದೆಯ ಏರ್ಪಾಟಿನಲ್ಲಿ. ಟಿವಿಯ ಮೇಲೆ ಅಕ್ಷರ ಮೂಡಿಸಲು ಸಾಮಾನ್ಯವಾಗಿ ಪ್ರತ್ಯೇಕ ಚಿಪ್ ಇರುತ್ತದೆ. ಆಂಟೋನಿಚ್ ಆ ಹೊರೆಯನ್ನು ಝೆಡ್80 ಪ್ರೊಸೆಸರಿನ ತಲೆಗೇ ಕಟ್ಟಿದರು. ಡೈನಮಿಕ್ ಮೆಮೊರಿಯಲ್ಲಿರುವುದು ಅಳಿಸಿಹೋಗದಂತೆ ಕಾಯಲೆಂದು ಝೆಡ್80ರೊಳಗೆ ಒಂದು ಎಣಿಕೆಯ ರಿಜಿಸ್ಟರ್ ಇದೆ. ಗಲಾಕ್ಸಿಯಾದಲ್ಲಿದ್ದದ್ದು ಸ್ಟ್ಯಾಟಿಕ್ ಮೆಮೊರಿ, ಅದಕ್ಕೆ ಕಾವಲು ಬೇಕಿಲ್ಲ. ಹಾಗೆ ಸುಮ್ಮನೆ ಕೂತಿದ್ದ ಎಣಿಕೆಯೇ ಪರದೆಯ ಅಕ್ಷರಗಳ ವಿಳಾಸ ಹೇಳುವ ಆಳಾಯಿತು. ತಲಾ 32 ಅಕ್ಷರಗಳ 16 ಸಾಲು ಮೂಡಿದವು. ಇದಕ್ಕೆ ತೆತ್ತದ್ದು ವೇಗ: ಪ್ರೊಸೆಸರ್ ಚಿತ್ರ ಬಿಡಿಸುತ್ತ ಕೂತರೆ ಲೆಕ್ಕ ನಿಧಾನ, ಲೆಕ್ಕ ಚುರುಕಾಗಬೇಕೆಂದರೆ ಪರದೆ ಆರಿಸಬೇಕು. ಬೇಸಿಕ್ ಭಾಷೆಗೆ ಸಿಕ್ಕ ಜಾಗ 4 ಕಿಲೋಬೈಟ್. ತಪ್ಪಾದರೆ ಯಂತ್ರ ‘ವಾಟ್?’, ‘ಹೌ?’, ‘ಸಾರಿ’ ಎಂಬ ಮೂರರಲ್ಲೊಂದನ್ನು ತೋರಿಸಿ ಸುಮ್ಮನಾಗುತ್ತಿತ್ತು. (ವಿವರಣೆ ಕೊಡಲೂ ಜಾಗ ಬೇಕಲ್ಲ!)

ಇದರಲ್ಲಿ ಹೊಸತೇನು, ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1980ರಲ್ಲೇ ಝೆಡ್80ರಿಂದ ಪರದೆಯ ಕೆಲಸ ಮಾಡಿಸಿರಲಿಲ್ಲವೇ ಎಂದು ಕೇಳಬಹುದು. ಮಾಡಿಸಿದ್ದು ನಿಜ. ಆದರೆ ಮರುವರ್ಷದ ಝೆಡ್‌ಎಕ್ಸ್81ರಲ್ಲಿ ಸಿಂಕ್ಲೇರ್ ಹಲವು ಬಿಡಿಭಾಗಗಳನ್ನು ಕಂಪನಿಗಾಗಿಯೇ ಮಾಡಿಸಿದ ಒಂದು ಚಿಪ್ಪಿನೊಳಗೆ ಅಡಗಿಸಿತು. ಆ ಚಿಪ್ಪನ್ನು ಮನೆಯಲ್ಲಿ ಬೆಸುಗೆ ಹಾಕಿ ಮಾಡುವಂತಿರಲಿಲ್ಲ. ಅಂಗಡಿಯ ಸಾಮಾನ್ಯ ಚಿಪ್‌ಗಳನ್ನು ಬಿಟ್ಟು ಆಂಟೋನಿಚ್ ಕದಲಲಿಲ್ಲ. ಪ್ರೊಸೆಸರೇ ಪರದೇಶದ್ದಾದ ಮೇಲೆ ಇದು ಸ್ವದೇಶಿ ಹೇಗೆ ಎಂಬ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ: ಚಿಪ್ ಹೊರಗಿನದು, ಅದನ್ನು ದುಡಿಸಿಕೊಂಡ ಬಗೆ ಅಲ್ಲಿನದು. ‘ಗಲಾಕ್ಸಿಯಾ’ ಎಂಬ ಅದೇ ಹೆಸರಿನ ವಿಜ್ಞಾನ ಪತ್ರಿಕೆಯ ಬಳಗ ಹೊರತಂದ ವಿಶೇಷ ಸಂಚಿಕೆಯಲ್ಲಿ ನಕ್ಷೆ ಕಂಡು ಸುಮಾರು 8,000 ಮಂದಿ ಕಿಟ್ ತರಿಸಿಕೊಂಡರು. ಪೆಟ್ಟಿಗೆ ಅವರವರ ಕೈಗೆ ಸಿಕ್ಕ ಸಾಮಾನಿನದು, ಪರದೆ ಮನೆಯ ಟಿವಿ, ನೆನಪಿನ ಉಗ್ರಾಣ ಹಾಡು ಕೇಳುವ ಟೇಪ್ ರೆಕಾರ್ಡರ್. ಬೆಲ್‌ಗ್ರೇಡ್ ರೇಡಿಯೊದ ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿ ಝೋರನ್ ಮೊಡ್ಲಿ ಪ್ರೋಗ್ರಾಮುಗಳನ್ನೇ ಕರ್ಕಶ ಸದ್ದಾಗಿ ಬಿತ್ತರಿಸಿದಾಗ, ಕೇಳುಗರು ಅದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ತಮ್ಮ ಯಂತ್ರಕ್ಕೆ ಉಣಿಸಿದರು.