ಕಾಫಿ ಕಳೆದುಕೊಂಡ ಅಕ್ಷರಗಳು

ಸಿದ್ದಾಪುರದ ಸುತ್ತ ಎತ್ತ ನೋಡಿದರೂ ರೊಬಸ್ಟಾ ತೋಟ. ಅಲ್ಲಿಯ ಹೋಟೆಲೊಂದರಲ್ಲಿ ನಾವು ಕುಳಿತಿದ್ದಾಗ, ಮಾಣಿ ಹುಡುಗ ಪಟ್ಟಿ ನೋಡಿ 'ಮೋಚಾ' ಎಂದು ಓದಿದ. ಪಕ್ಕದ ಮೇಜಿನ ಪ್ರವಾಸಿಗರು ನಕ್ಕರು. 'ಮೋಚಾ ಅಲ್ಲ, ಮೋಕಾ' ಎಂದು ಒಬ್ಬರು ತಿದ್ದಿದರು. ಕಾಫಿ ಕೊಯ್ಯುವವರ ಮನೆಯ ಹುಡುಗನ ಮುಖ ಸಣ್ಣದಾಯಿತು.

ತಿದ್ದಿದವರ ಉಚ್ಚಾರವಾದರೂ ಸರಿಯೇ? ಅದು ಯೆಮನಿನ ಕೆಂಪು ಸಮುದ್ರ ತೀರದ ಬಂದರಿನ ಹೆಸರು. ಅರಬಿಯಲ್ಲಿ 'ಅಲ್-ಮುಖಾ'. ನಡುವಿನ ಅಕ್ಷರ ಗಂಟಲನ್ನು ಉಜ್ಜಿಕೊಂಡು ಬರುವ 'ಖಾ'. ಅದು ಇಂಗ್ಲಿಷರ, ಫ್ರೆಂಚರ ನಾಲಗೆಗೆ ಒಗ್ಗದೆ ಬರಿಯ 'ಕ' ಆಯಿತು. 17ನೆಯ ಶತಮಾನದಲ್ಲಿ ಅದು ಕಾಫಿ ವ್ಯಾಪಾರದ ದೊಡ್ಡ ಬಂದರು. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಏಳು ಬೀಜಗಳನ್ನು ತಂದದ್ದು ಅಲ್ಲಿಂದಲೇ ಎಂಬುದು ಚಿಕ್ಕಮಗಳೂರು ಕಡೆಯ ನಂಬಿಕೆ.

'ಕಾಫಿ' ಎಂಬ ಮಾತಿನ ಕಥೆಯೂ ಇದೇ. ಅರಬಿಯ 'ಕಹ್ವ'ದ ಮೊದಲ ಅಕ್ಷರ 'ಕಾಫ್' ಕಿರುನಾಲಗೆಯ ಬಳಿ ಹುಟ್ಟುತ್ತದೆ. ತುರ್ಕರು ಅದನ್ನು ಸಾದಾ 'ಕ' ಮಾಡಿ 'ಕಾಹ್ವೆ' ಎಂದರು. 1669ರಲ್ಲಿ ಉಸ್ಮಾನಿ ರಾಯಭಾರಿ ಸುಲೈಮಾನ್ ಆಗಾ ಪ್ಯಾರಿಸಿನ ಸಿರಿವಂತರಿಗೆ ಅದರ ರುಚಿ ಹತ್ತಿಸಿದರು. ಫ್ರೆಂಚರ ಬಾಯಲ್ಲಿ 'ಹ' ಬಿದ್ದುಹೋಗಿ, 'ವ' 'ಫ'ಕ್ಕೆ ತಿರುಗಿ 'ಕಾಫೆ' ಉಳಿಯಿತು. ಡಚ್ಚರದು 'ಕೊಫಿ', ಇಂಗ್ಲಿಷರಿಂದ ನಮಗೆ ಬಂದದ್ದು 'ಕಾಫಿ'. 1854ರಲ್ಲಿ ಮಡಿಕೇರಿ ಬಳಿ ಜಾನ್ ಫೌಲರ್ ತೋಟ ಹಾಕಿದ ಮೇಲೆ ಕೊಡಗಿನಲ್ಲಿ ಅದು ದೊಡ್ಡ ಬೆಳೆಯಾಯಿತು. ಕನ್ನಡಕ್ಕೆ 'ಫ' ಹೊರಗಿನ ಧ್ವನಿ. ಹಳ್ಳಿಯವರು 'ಕಾಪಿ' ಎಂದರು. ಮಲಯಾಳಿಗಳು, ತಮಿಳರು 'ಕಾಪ್ಪಿ' ಎಂದರು. ಸಿದ್ದಾಪುರದ ಪೇಟೆಯಲ್ಲಿ ಇವೆಲ್ಲ ಒಟ್ಟಿಗೇ ಕೇಳಿಸುತ್ತವೆ. ಇದರಲ್ಲಿ ತಪ್ಪು ಯಾರದು?

ಉಚ್ಚಾರ ಶುದ್ಧವಿದ್ದವರನ್ನು ಉರ್ದುವಿನಲ್ಲಿ 'ಶೀನ್-ಕಾಫ್ ದುರುಸ್ತ್' ಎನ್ನುತ್ತಾರೆ. ನಮ್ಮ ದಖನಿ ಬಾಯಲ್ಲಿ ಆ 'ಕಾಫ್' ನಿಲ್ಲುವುದಿಲ್ಲ. 'ಕಲಂ' 'ಖಲಂ' ಆಗಿಬಿಡುತ್ತದೆ. ಶಾಲೆಯಲ್ಲಿ ಇದಕ್ಕಾಗಿ ನಾವೂ ನಗೆಪಾಟಲಾದವರೇ. ಆ ನಗು ಪಾಠಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯಿತು. ತರಗತಿಯಲ್ಲಿ ಎದ್ದು ನಿಂತು ಓದುವ ಧೈರ್ಯವನ್ನೂ ಕಸಿದುಕೊಂಡಿತು.

ಕುರ್‌ಆನ್ ಓದುವಾಗ ಅಕ್ಷರ ತಪ್ಪಬಾರದು, ಅರ್ಥವೇ ಕೆಡುತ್ತದೆ. ಅದಕ್ಕೆಂದೇ ಉಸ್ತಾದರು ತಾಳ್ಮೆಯಿಂದ ಕೂರಿಸಿ ಕಲಿಸುತ್ತಾರೆ. ಉಣ್ಣುವ, ಕುಡಿಯುವ ವಸ್ತುಗಳ ಹೆಸರು ಹಾಗಲ್ಲ. ಊರಿಂದ ಊರಿಗೆ ಹೋದಂತೆ ಅವು ಅಲ್ಲಿನ ನಾಲಗೆಗೆ ಹೊಂದಿಕೊಳ್ಳುತ್ತವೆ. ಬಲ್ಲವರು ತಿಳಿಸಿಕೊಡಲಿ, ಬೇಡವೆನ್ನುವುದಿಲ್ಲ. ಆದರೆ ನಗುವ ಮುಂಚೆ, ತಮ್ಮ ಬಾಯಲ್ಲೂ ಎಷ್ಟು ಅಕ್ಷರ ಕಳೆದುಹೋಗಿವೆ ಎಂದು ಒಮ್ಮೆ ಎಣಿಸಿಕೊಳ್ಳಲಿ.

ಆ ಹುಡುಗನನ್ನು ಕರೆದು, 'ಒಂದು ಕಾಪಿ ಕೊಡು ಮಗಾ' ಎಂದೆವು. ಬಿಸಿಬಿಸಿಯಾಗಿ ತಂದುಕೊಟ್ಟ.