ಬಂಡಿಯ ದಾರಿ, ತಾಂಡಾದ ದಾರಿ

ಮನೆಯನ್ನೇ ಗಾಲಿಗಳ ಮೇಲೆ ಏರಿಸಿಕೊಂಡು ದೇಶ ನೋಡಲು ಹೊರಡುವ ಹವ್ಯಾಸ ಅಮೆರಿಕ, ಕೆನಡಾ ದೇಶಗಳಲ್ಲಿ ಬಹಳವಾಗಿ ಹಬ್ಬಿದೆ. ಒಲೆ, ಮಂಚ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಮೋಟಾರು ಬಂಡಿಗಳು, 1942ರಲ್ಲಿ ಯುದ್ಧದ ತುರ್ತಿಗೆಂದು ನಿರ್ಮಿಸಿದ ಅಲಾಸ್ಕದ ಹೆದ್ದಾರಿಯನ್ನು ಹಿಡಿದು, ಗಾವುದ ಗಾವುದ ಕಾಡಲ್ಲದೆ ಬೇರೇನೂ ಕಾಣದ ಬಡಗಣ ಸೀಮೆಗೆ ಹೋಗುತ್ತವೆ. ನಡುನಡುವೆ ಒಂದೊಂದು ಪುಟ್ಟ ಊರು; ಅಲ್ಲಿ ಎಣ್ಣೆ, ನೀರು, ನಾಲ್ಕು ಮಾತು. ಅಂಥ ಬಂಡಿಯನ್ನು ಕ್ಯಾರವಾನ್ ಎನ್ನುವುದುಂಟು. ಪದ ಮೂಲತಃ ಪಾರಸಿಯದು. ಜೊತೆಗೂಡಿ ನಡೆಯುವ ಪಯಣಿಗರ ಸಾಲಿಗೆ ಇದ್ದ ಹೆಸರು. ಸಂಸ್ಕೃತ ಅದನ್ನೇ ಸಾರ್ಥವೆಂದಿತು. 1998ರಲ್ಲಿ ಭೈರಪ್ಪನವರ ಕಾದಂಬರಿ ಬಂದ ಮೇಲೆ ಆ ಮಾತು ನಮ್ಮ ಓದುಗರ ನಾಲಗೆಗೆ ಮರಳಿತು.

ಇದು ನಮಗೆ ಹೊಸದೇನಲ್ಲ. ಭೀಮಾ, ಅಮರಜಾ ನದಿಗಳು ಕೂಡುವ ಗಾಣಗಾಪುರದ ದಾರಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಸಂಚಾರದ ಎರಡು ಬಗೆಗಳು ಕಾಣುತ್ತವೆ. ಮನೆಗೆ ಬೀಗ ಹಾಕಿ ನಾಲ್ಕಾರು ದಿನ ಬಂಡಿಯಲ್ಲಿ ಬಾಳಿದವರದು ಒಂದು. ದಾರಿಗೆ ಹೊರತು ಬೇರೆ ಮನೆಯೇ ಇಲ್ಲದವರದು ಇನ್ನೊಂದು. ಚರಿತ್ರೆ ಈ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲವೆಂಬುದೇ ನನ್ನ ಇಂದಿನ ಮಾತು.

ಮೊದಲನೆಯವರನ್ನು ಮೊದಲು ನೋಡೋಣ. ಕೊಲ್ಲಾರಿ ಬಂಡಿಯನ್ನು ಕಂಡವರು ಈಗ ಕಡಿಮೆಯಾಗುತ್ತಿದ್ದಾರೆ. ಬಿದಿರಿನ ಕಮಾನು, ಅದರ ಮೇಲೆ ಚಾಪೆ ಅಥವಾ ದಪ್ಪ ಬಟ್ಟೆ. ಒಳಗೆ ಹುಲ್ಲು ಹರಡಿ ಮೇಲೆ ಜಮಖಾನ. ಒಂದು ಮೂಲೆಯಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ತಾಮ್ರದ ಕೊಡ. ಹಿಂದುಗಡೆ ಎತ್ತುಗಳಿಗೆ ಕಣಿಕೆಯ ಸಿವುಡು. ಅಚ್ಚಿನ ಬಳಿ ಕೀಲೆಣ್ಣೆಯ ಬುರುಡೆ, ರಾತ್ರಿಗೆ ಕಂದೀಲು. ದತ್ತ ಜಯಂತಿಗೆ ಆಳಂದದ ಕಡೆಯಿಂದ, ಜೇವರ್ಗಿಯ ಕಡೆಯಿಂದ ಇಂಥ ಬಂಡಿಗಳು ಕೂಡಿಕೊಂಡು ಬರುತ್ತಿದ್ದವು. ಒಂಟಿ ಬಂಡಿ ಹೊರಡುತ್ತಿರಲಿಲ್ಲ. ಕೀಲು ಮುರಿದರೆ, ಎತ್ತು ಕುಂಟಿದರೆ, ಹಳ್ಳದ ಏರಿನಲ್ಲಿ ಗಾಲಿ ಹೂತರೆ ಇನ್ನೊಂದು ಜೋಡಿ ಎತ್ತು ಬೇಕಲ್ಲವೆ?

ಹಬ್ಬ ಮಾರ್ಗಶಿರದ ಹುಣ್ಣಿಮೆಗೆ ಬಿದ್ದುದು ಬಂಡಿಯವರ ಪಾಲಿಗೆ ಭಾಗ್ಯವೇ ಸರಿ. ಎರೆಯ ನೆಲ ಮಳೆಗಾಲದಲ್ಲಿ ಗಾಲಿಯನ್ನು ಅಂಟಿನಂತೆ ಹಿಡಿಯುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಎತ್ತಿನ ಕಾಲು ಮುರಿಯುತ್ತದೆ. ಮಾರ್ಗಶಿರದ ಹೊತ್ತಿಗೆ ದಾರಿ ಒಣಗಿ ಗಟ್ಟಿಯಾಗಿರುತ್ತದೆ, ಹಳ್ಳಗಳ ರಭಸ ಇಳಿದಿರುತ್ತದೆ, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತಿರುವುದರಿಂದ ಒಕ್ಕಲಿಗನಿಗೆ ಬಿಡುವಿರುತ್ತದೆ. ಚಿಕ್ಕಂದಿನಲ್ಲಿ, ಆಳಂದ ತಾಲ್ಲೂಕಿನ ನಮ್ಮ ಸೋದರಮಾವನ ಊರಿನಿಂದ, ಅಂಥ ಒಂದು ಪಯಣದಲ್ಲಿ ನಾನೂ ಇದ್ದೆ. ಊರುಗಳ ಹೆಸರಿಗಿಂತ ಬಾವಿಗಳ ಹೆಸರನ್ನೇ ಹಿರಿಯರು ಹೆಚ್ಚಾಗಿ ಆಡುತ್ತಿದ್ದುದು ನೆನಪಿದೆ. ಯಾವ ಬಾವಿಯ ನೀರು ಸಿಹಿ, ಯಾವುದು ಸವುಳು ಎಂಬುದರ ಮೇಲೆ ಬೀಡು ನಿಶ್ಚಯವಾಗುತ್ತಿತ್ತು. ಎತ್ತುಗಳ ಕೊಳ್ಳು ಹರಿದ ಮೇಲೆ ಗಂಡಸರು ಬೀಡಿ ಹಚ್ಚುತ್ತಿದ್ದರು. ಹೆಂಗಸರು ಮೂರು ಕಲ್ಲು ಹುಡುಕಿ ಒಲೆ ಹೂಡುತ್ತಿದ್ದರು. ಅವರಿಗೆ ಬಂಡಿಯಲ್ಲಿಯೂ ಮನೆಯ ಕೆಲಸ ತಪ್ಪಲಿಲ್ಲ.

ಗಾಣಗಾಪುರವನ್ನು ತಲುಪಿದ ಮೇಲೆ ಇನ್ನೊಂದು ವಿಶೇಷ. ಊರಿನಲ್ಲಿ ಹತ್ತಾರು ಎಕರೆಯ ಒಡೆಯನಾದವನೂ ಅಲ್ಲಿ ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ಮಾಧುಕರಿ ಬೇಡುತ್ತಾನೆ. ಆ ಪದ್ಧತಿ ಇಂದಿಗೂ ನಡೆದಿದೆ. ಬೀಗ ಹಾಕಿ ಬಂದ ಗೃಹಸ್ಥನಿಗೆ ಒಂದು ದಿನದ ಮಟ್ಟಿಗೆ ಅಲೆಮಾರಿಯ ವೇಷ! ಅಲ್ಲಿ ನೆಲೆಸಿದ ನರಸಿಂಹ ಸರಸ್ವತಿಯವರಾದರೂ ಸಂಚಾರಿ ಸಂನ್ಯಾಸಿಯೇ. ಮರಾಠಿಯ ಗುರುಚರಿತ್ರೆಯಲ್ಲಿ ಬೀದರಿನ ಸುಲ್ತಾನನು ಅವರನ್ನು ಪಾಲಕಿಯಲ್ಲಿ ಕುಳ್ಳಿರಿಸಿ, ಆನೆ ಕುದುರೆಗಳ ಪರಿವಾರದೊಡನೆ ತನ್ನ ಊರಿಗೆ ಕರೆದೊಯ್ಯುವ ಕಥೆಯಿದೆ. ನಡುದಾರಿಯಲ್ಲಿ ಗುರುಗಳು ಮಾಯವಾಗಿ, ಮುಂದೆ ಪಾಪವಿನಾಶಿ ತೀರ್ಥದಲ್ಲಿ ಕಾಣಿಸಿಕೊಳ್ಳುತ್ತಾರೆ. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ದೊಡ್ಡ ಪರಿವಾರ ಎಷ್ಟು ನಿಧಾನವಾಗಿ ನಡೆಯುತ್ತಿತ್ತೆಂಬುದನ್ನು ಕಥೆ ಕಟ್ಟಿದವನು ಚೆನ್ನಾಗಿ ಬಲ್ಲ.

ಇನ್ನು ಎರಡನೆಯ ಬಗೆ. ಅಯ್ಯಾವೊಳೆ ಐನೂರ್ವರ ಪ್ರಶಸ್ತಿಗಳು ನಾಡುನಾಡು ಸುತ್ತುವುದನ್ನೇ ವರ್ತಕನ ಹೆಗ್ಗಳಿಕೆಯಾಗಿ ಹಾಡುತ್ತವೆ. ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳುವ ಶಾಸನಗಳುಂಟು. ಆದರೆ ಹೇರಿನ ಎತ್ತನ್ನು ಹೊಡೆದುಕೊಂಡು ನಡೆದವನ ಬಾಳನ್ನು ನಮ್ಮವರು ಬರೆಯಲಿಲ್ಲ. ಬರೆದವನು ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ. 1676ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ, ಧಾನ್ಯ, ಉಪ್ಪುಗಳನ್ನು ಹೊತ್ತ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲಿನ ವರ್ಣನೆಯಿದೆ. ಇಕ್ಕಟ್ಟಿನ ದಾರಿಯಲ್ಲಿ ಅವು ಎದುರಾದರೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಅವನ ಸ್ವಂತ ಬಂಡಿಯ ಜೋಡಿ ಎತ್ತುಗಳಿಗೆ ಸುಮಾರು ಆರುನೂರು ರೂಪಾಯಿ ಬಿದ್ದಿತ್ತು! ಅಂಥ ಎತ್ತುಗಳಿಗೆ ನಡುಹಗಲಿನಲ್ಲಿ ಬೆಣ್ಣೆ, ಬೆಲ್ಲ ಕಲಸಿದ ಗೋಧಿಹಿಟ್ಟಿನ ಉಂಡೆ. ಸಂಜೆ ನೆನೆಸಿದ ಕಡಲೆ. ದಾರಿಯ ಜನರಿಗೆ ಅಷ್ಟು ದೊರೆಯುತ್ತಿತ್ತೋ ಇಲ್ಲವೋ.

ಆ ಸಾಲುಗಳು ಬಂಜಾರರವು, ನಮ್ಮ ಲಂಬಾಣಿಗಳವು. ಲಂಬಾಣಿ ಎಂಬ ಹೆಸರನ್ನು ಲವಣದಿಂದ ಬಿಡಿಸುವ ವಿದ್ವಾಂಸರೂ ಇದ್ದಾರೆ. ನಾಯಕನ ಹಿಂದೆ ತಾಂಡಾ, ತಾಂಡಾದೊಡನೆ ಹೆಂಡಿರು ಮಕ್ಕಳು, ಡೇರೆ, ನಾಯಿ, ಲಿಪಿಯಿಲ್ಲದ ಗೋರ್‌ಬೋಲಿಯ ಹಾಡು. ದಕ್ಖಣಕ್ಕೆ ಬಂದ ಮೊಗಲರ ಸೇನೆಗೆ ಅನ್ನ ಹೊತ್ತವರು ಇವರೇ. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿಗೆ ಕಾಳು ತಂದವರೂ ಇವರೇ. ಸೇನೆಗಳ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರಿದೆ.

ಸಂಚಾರಿಯ ಮೇಲಿನ ಸಂಶಯ ಯಾವಾಗ ಬೆಳೆಯಿತು? 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅದಕ್ಕೂ ಮುಂಚೆ 1839ರಲ್ಲಿ, ದಾರಿಯ ಗೆಳೆಯರಂತೆ ಬಂದು ಕೊರಳು ಬಿಗಿಯುವ ಥಗ್ಗರ ಮೇಲೆ ಕಾದಂಬರಿ ಬರೆದು ಹೆಸರಾಗಿದ್ದ. ಭಯ ನಿಜವಾದದ್ದೇ. ಆದರೆ ಕೆಲವರ ಅಪರಾಧ ದಾರಿಯಲ್ಲಿದ್ದವರೆಲ್ಲರ ಹಣೆಗೆ ಹತ್ತಿತು. 1871ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ಮುಂಬಯಿಯ ಹಳಿ ಮದರಾಸಿನ ಹಳಿಯನ್ನು ರಾಯಚೂರಿನಲ್ಲಿ ಸೇರಿತು. ಅದೇ ವರುಷ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ತಂದಿತು. ಹಳಿ ಹೇರನ್ನು ಕಸಿದುಕೊಂಡಿತು, ಕಾಯ್ದೆ ಮಾನವನ್ನು. ಮೊದಲು ಉತ್ತರದಲ್ಲಿ ಜಾರಿಯಾದ ಆ ಕಾಯ್ದೆ ಬರಬರುತ್ತ ತೆಂಕಣಕ್ಕೂ ಹಬ್ಬಿ, ಲಂಬಾಣಿಗಳೂ ಪಟ್ಟಿಗೆ ಸೇರಿದರು. ಅದು ರದ್ದಾದುದು 1952ರಲ್ಲಿ.

ಯಾತ್ರಿಕನ ಬಂಡಿಗೆ ಹಳಿಯಿಂದ ಅಂಥ ಕೇಡು ತಟ್ಟಲಿಲ್ಲ. ರೈಲುನಿಲ್ದಾಣಕ್ಕೆ ಗಾಣಗಾಪುರ ರೋಡ್ ಎಂದು ಹೆಸರಿಟ್ಟರು. ಊರು ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಆ 'ರೋಡ್' ಎಂಬ ಎರಡಕ್ಷರದಲ್ಲಿ ಎತ್ತಿನ ಬಂಡಿಗೆ ಇನ್ನೊಂದು ಕಾಲಮಾನದ ಕೆಲಸ ಉಳಿದುಕೊಂಡಿತ್ತು. ಮುಂದೆ ಬಸ್ಸು ಬಂದಿತು, ಜೀಪು ಬಂದಿತು. ಬಂಡಿ ಕೊಟ್ಟಿಗೆ ಸೇರಿತು. ಯಾತ್ರಿಕ ಏನನ್ನೂ ಕಳೆದುಕೊಳ್ಳಲಿಲ್ಲ. ಅವನಿಗೆ ಮರಳಲು ಮನೆಯಿತ್ತು.

ಹೇರು ತಪ್ಪಿದ ತಾಂಡಾಗಳು ಊರಾಚೆಯ ಗುಡ್ಡದ ಮಗ್ಗುಲಲ್ಲಿ, ಅಡವಿಯಂಚಿನಲ್ಲಿ ಬೇರೂರಿದವು. ತಲೆಮಾರುಗಳು ಕಳೆದರೂ ಎಷ್ಟೋ ತಾಂಡಾಗಳು ಕಂದಾಯದ ದಫ್ತರದಲ್ಲಿ ಊರೆಂದು ದಾಖಲಾಗಲಿಲ್ಲ. ಮನೆಯಿದ್ದರೂ ಕೈಯಲ್ಲಿ ಕಾಗದವಿರಲಿಲ್ಲ. ಕೊನೆಗೆ 2023ರ ಜನವರಿ 19ರಂದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಪ್ರಧಾನಮಂತ್ರಿಗಳಿಂದ ಹಕ್ಕುಪತ್ರ ವಿತರಣೆಯಾಯಿತು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಮೊದಲ ಗ್ರಂಥಕ್ಕೆ ಮಾರ್ಗವೆಂದು ಹೆಸರಿಟ್ಟ ಆಸ್ಥಾನದ ಊರು ಅದು.

ಆದರೂ ದೀಪಾವಳಿ ಕಳೆಯುತ್ತಲೇ ನೋಡಬೇಕು. ತಾಂಡಾದಿಂದ ಟ್ರಾಕ್ಟರು, ಲಾರಿಗಳು ಹೊರಡುತ್ತವೆ: ಪಾತ್ರೆ, ಹಾಸಿಗೆ, ಕಟ್ಟಿಗೆ, ರೊಟ್ಟಿಯ ಹಂಚು, ಮೇಲೆ ಮಕ್ಕಳು. ಹಕ್ಕುಪತ್ರ ಮನೆಯ ಪೆಟ್ಟಿಗೆಯಲ್ಲಿ, ಮುದುಕರ ಕಾವಲಿನಲ್ಲಿ ಉಳಿಯುತ್ತದೆ. ಉಳಿದವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಗುಡಿಸಲು ಹಾಕಿಕೊಂಡು, ಕಡಿತ ಮುಗಿಯುವವರೆಗೆ ಅಲ್ಲಿಯೇ ಇರುತ್ತಾರೆ.