ಹಾಡ್ ಸ್ಟುವರ್ಟ್

ವಿಲಿಯಂ ಹಾಡ್ಜ್‌ಸನ್ "ಹಾಡ್" ಸ್ಟುವರ್ಟ್ (ಫೆಬ್ರವರಿ 20, 1879 – ಜೂನ್ 23, 1907) ಕೆನಡಾದ ಒಟ್ಟಾವಾದಲ್ಲಿ ಜನಿಸಿದ ಐಸ್ ಹಾಕಿ ರಕ್ಷಣಾ ಆಟಗಾರ. ಈ ಕ್ರೀಡೆಯ ಆರಂಭಿಕ ವೃತ್ತಿಪರರಲ್ಲಿ ಇವರು ಪ್ರಮುಖರು. 1902ರಲ್ಲಿ ವೇತನ ಪಡೆದು ಆಡಲು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಬ್ಯಾಂಕರ್ಸ್ ತಂಡವನ್ನು ಸೇರಿದರು. 1904ರಲ್ಲಿ ಆರಂಭವಾದ ಮೊದಲ ಸಂಪೂರ್ಣ ವೃತ್ತಿಪರ ಲೀಗ್‌ನಲ್ಲಿ ಕ್ಯಾಲುಮೆಟ್ ಹಾಗೂ ಪಿಟ್ಸ್‌ಬರ್ಗ್ ತಂಡಗಳ ಪರ ಆಡಿದರು. 1906ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್ ವಾಂಡರರ್ಸ್ ತಂಡಕ್ಕೆ ಬಂದು, 1907ರ ಮಾರ್ಚ್‌ನಲ್ಲಿ ಸ್ಟಾನ್ಲಿ ಕಪ್ ಗೆದ್ದರು. ಮೂರು ತಿಂಗಳ ಬಳಿಕ ಬೆಲ್‌ವಿಲ್ ಬಳಿ ಈಜಲು ನೀರಿಗೆ ಧುಮುಕಿದಾಗ ತಲೆ ಬಂಡೆಗೆ ಬಡಿದು ನಿಧನರಾದರು. ಇವರ ಕುಟುಂಬದ ಸಹಾಯಾರ್ಥವಾಗಿ 1908ರ ಜನವರಿ 2ರಂದು ವಾಂಡರರ್ಸ್ ತಂಡವು ಇತರ ತಂಡಗಳ ಆಯ್ದ ಆಟಗಾರರ ವಿರುದ್ಧ ಆಡಿತು. ಇದನ್ನು ಐಸ್ ಹಾಕಿಯ ಮೊದಲ ಆಲ್-ಸ್ಟಾರ್ ಪಂದ್ಯವೆಂದು ಪರಿಗಣಿಸಲಾಗಿದೆ. 1945ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ ಮೊದಲಿಗರಲ್ಲಿ ಇವರೂ ಒಬ್ಬರು.